ರೋಟಿ ಘಾಟದ ದ್ರಾಕ್ಷಿ

ಬಿಬವೇವಾಡಿಯ ನಮ್ಮ ಮನೆಯಲ್ಲಿ ದ್ರಾಕ್ಷಾಸವದ ಬಾಟಲಿ ಸದಾ ಇರುತ್ತದೆ. ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಾಂಶವಿದೆಯೆಂದು ಚೀಟಿಯ ಮೇಲೆ ಅಚ್ಚಾಗಿದ್ದರೂ ಅದನ್ನು ಯಾರೂ ಮೈಲಿಗೆಯೆಂದು ಬಗೆದಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ನಾನು, ವೈನು ಮಾಡುವ ಕಾರಖಾನೆಯೊಂದನ್ನು ನೋಡಿ ಬರೋಣ ಎಂದಾಗ ಮನೆಯಲ್ಲಿ ಒಂದು ಗಳಿಗೆ ಮೌನ. “ನೋಡೂದಷ್ಟ ಹೌದಲ್ರೀ?” ಎಂದು ನನ್ನಾಕೆ ಖಾತ್ರಿ ಮಾಡಿಕೊಂಡ ಮೇಲೆಯೇ ಹೊರಟದ್ದು.

ಸ್ವಾರಗೇಟಿನಿಂದ ಸೋಲಾಪುರ ರಸ್ತೆಯ ಬಸ್ಸು ಹಿಡಿದು ಪಾಟಸದಲ್ಲಿ ಇಳಿದೆವು. ವಿಜಾಪುರ, ಕಲಬುರ್ಗಿ ಕಡೆಯ ನಮ್ಮ ಎಷ್ಟೋ ಮನೆತನಗಳು ಹೊಟ್ಟೆಪಾಡಿಗಾಗಿ ಪುಣೆಗೆ ಬಂದದ್ದು ಇದೇ ದಾರಿಯಿಂದ. ಪಾಟಸದಿಂದ ಬಾರಾಮತಿಯ ಕಡೆಗೆ ತಿರುಗಿದರೆ ರೋಟಿ ಘಾಟ. ಆಷಾಢ ಏಕಾದಶಿಯ ವಾರಿಗೆ ಹೊರಟ ತುಕಾರಾಮ ಮಹಾರಾಜರ ಪಾಲಖಿ ಇದನ್ನು ಏರಿಯೇ ಪಂಢರಪುರಕ್ಕೆ ಸಾಗುತ್ತದೆ. ಜ್ಞಾನೇಶ್ವರರು ಕನ್ನಡದವನೆಂದೇ ಕರೆದ ವಿಠ್ಠಲನ ಕಡೆಗೆ. ನಾವು ಹೋದದ್ದು ಫೆಬ್ರುವರಿಯಲ್ಲಿ. ದೊಡ್ಡ ರಸ್ತೆ ಬಿಟ್ಟು ಹೊಲಗಳ ನಡುವಿನ ದಾರಿ ಹಿಡಿದೆವು. ಒಂದು ಕಡೆ ಜೋಳ, ಒಂದು ಕಡೆ ಕಬ್ಬು, ನಡುವೆ ಜಾಲಿಯ ಮರಗಳು. ಎದುರಿಗೆ ಬಂದದ್ದು ಒಂದು ಎತ್ತಿನ ಗಾಡಿ, ಎರಡು ಸೈಕಲ್ಲು, ಅಷ್ಟೆ.

ರೋಟಿಯ ಆ ಕಾರಖಾನೆ ಫ್ರಾನ್ಸಿನ ಜಮೀನುದಾರರ ಬಂಗಲೆಯಂತೆ ಕಾಣುತ್ತದೆ. ಫೋರ್ ಸೀಜನ್ಸ್ ಎಂಬ ಹೆಸರಿನಿಂದ ಅದನ್ನು ಎಬ್ಬಿಸಿದವರು ಬೆಂಗಳೂರಿನ ಯು.ಬಿ. ಸಮೂಹದವರು, ಮುಂದೆ ಅದು ನಂದಿಬೆಟ್ಟದ ಬುಡದಲ್ಲಿ ತೋಟ ಮಾಡಿದ ಗ್ರೋವರ್ ಕಂಪನಿಯ ಪಾಲಾಯಿತು. ಅಂದರೆ ಎರಡೂ ಸಲ ನಮ್ಮ ಕಡೆಯವರೇ! ಗಾಜಿನ ಬಟ್ಟಲಲ್ಲಿ ಮೊದಲು ಬಿಳಿಯದು, ಆಮೇಲೆ ಕೆಂಪು. ತಿರುಗಿಸಿ, ಮೂಸಿ, ಗುಟುಕರಿಸಬೇಕೆಂದರು. ನನಗೆ ನಾಲಿಗೆ ಒಗರಾಯಿತು. ನೋಡಲಷ್ಟೇ ಬಂದಿದ್ದ ನನ್ನಾಕೆ ನನ್ನ ಬಟ್ಟಲನ್ನೇ ತುಟಿಗೆ ತಾಗಿಸಿ, “ಬೆಲ್ಲಾ ಹಾಕಲಾರದ ದ್ರಾಕ್ಷಾಸವ ಇದ್ಧಾಂಗ ಅದ” ಎಂದಳು. ಬಿ.ಎಸ್‌ಸಿ. ಓದಿದ ನನಗೂ ಇದಕ್ಕಿಂತ ಸರಿಯಾಗಿ ಹೇಳಲಾಗುತ್ತಿರಲಿಲ್ಲ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಹಣ್ಣಿನ ಸಕ್ಕರೆಯನ್ನೆಲ್ಲ ತಿಂದು ಮದ್ಯಾಂಶ ಮಾಡಿದರೆ ಉಳಿಯುವುದು ಹುಳಿ ಮತ್ತು ಒಗರು.

ಈ ಪಾನವನ್ನು ನಮ್ಮ ನಾಡಿಗೆ ತಂದವರು ಬ್ರಿಟಿಷರೆಂಬ ಭಾವನೆ ಸಾಮಾನ್ಯ. ಆದರೆ 1ನೆಯ ಶತಮಾನದ ಗ್ರೀಕ್ ನಾವಿಕನೊಬ್ಬನ ‘ಪೆರಿಪ್ಲಸ್’ ಎಂಬ ಬರಹ, ಭರೂಚ ಬಂದರಿಗೆ ದ್ರಾಕ್ಷಾಮದ್ಯ ಬರುತ್ತಿತ್ತೆಂದೂ ಅದರಲ್ಲಿ ಇಟಲಿಯದೇ ಮುಖ್ಯವೆಂದೂ ತಿಳಿಸುತ್ತದೆ. ಆ ಬಂದರಿಗೂ ಪೈಠಣ, ತಗರ (ಈಗಿನ ತೇರ್) ಪಟ್ಟಣಗಳಿಗೂ ಬಂಡಿದಾರಿಯಿತ್ತು. ಅದು ಬನವಾಸಿಯವರೆಗೆ ಆಳಿದ ಶಾತವಾಹನರ ಕಾಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿಯೂ ಪಾನಗೋಷ್ಠಿ ರಾಜವಿನೋದಗಳಲ್ಲಿ ಒಂದು. ಕುಡಿದವರು ದೊರೆಗಳು, ಸಾಹುಕಾರರು. ನಮ್ಮ ಅಜ್ಜಂದಿರಲ್ಲ ಎನ್ನಿ.

ಹಣ್ಣಿನ ಕಥೆ ಇನ್ನೂ ಸ್ವಾರಸ್ಯದ್ದು. 14ನೆಯ ಶತಮಾನದಲ್ಲಿ ದೌಲತಾಬಾದಿಗೆ ಬಂದ ಇಬ್ನ್ ಬತೂತ, ಅಲ್ಲಿ ದ್ರಾಕ್ಷಿ ಮತ್ತು ದಾಳಿಂಬೆ ವರ್ಷಕ್ಕೆರಡು ಸಲ ಫಲ ಕೊಡುತ್ತವೆಂದು ಬರೆದಿಟ್ಟಿದ್ದಾನೆ. ಇದು ಪ್ರವಾಸಿಯ ಬಡಾಯಿಯಲ್ಲ. ಯುರೋಪಿನ ಚಳಿಗೆ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ದಖ್ಖನಿನಲ್ಲಿ ಅದಕ್ಕೆ ನಿದ್ದೆಯಿಲ್ಲ. ಆದ್ದರಿಂದ ಇಲ್ಲಿ ಕತ್ತರಿಯೇ ಪಂಚಾಂಗ. ಏಪ್ರಿಲಿನ ಖರಡ ಛಾಟಣಿಯಿಂದ ಹೊಸ ಕಡ್ಡಿ ಬೆಳೆಸುತ್ತಾರೆ, ಅಕ್ಟೋಬರಿನ ಗೋಡಿ ಛಾಟಣಿಯಿಂದ ಹಣ್ಣು ಬರಿಸುತ್ತಾರೆ, ಫೆಬ್ರುವರಿ-ಮಾರ್ಚಿನಲ್ಲಿ ಕೊಯ್ಲು. ಎರಡು ಸಲ ಕತ್ತರಿಸಿ ಒಂದೇ ಬೆಳೆ. ಚಿಕ್ಕಬಳ್ಳಾಪುರದ ಕಡೆ ‘ಬೆಂಗಳೂರು ನೀಲಿ’ ಬೆಳೆಯುವವರು ಎರಡು ಬೆಳೆಯನ್ನೂ ತೆಗೆಯುತ್ತಾರೆ. ಇಬ್ನ್ ಬತೂತನ ಮಾತು ಅಲ್ಲಿ ಇನ್ನೂ ಸುಳ್ಳಾಗಿಲ್ಲ. 2013ರಲ್ಲಿ ಆ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಪುಣೆ ಜಿಲ್ಲೆಯಲ್ಲಿ ಈ ಉದ್ಯಮಕ್ಕೆ ಹೆಸರು ತಂದದ್ದು ನಾರಾಯಣಗಾಂವ. ಶಾಮರಾವ ಚೌಗುಲೆಯವರು 1980ರ ದಶಕದಲ್ಲಿ ಫ್ರೆಂಚ್ ತಜ್ಞರ ನೆರವಿನಿಂದ ಅಲ್ಲಿ ಬುರುಗಿನ ವೈನು ತಯಾರಿಸಿ ‘ಒಮರ್ ಖಯ್ಯಾಮ್’ ಎಂಬ ಹೆಸರಿನಲ್ಲಿ ಪರದೇಶಗಳಿಗೆ ಕಳಿಸಿದರು. ಇಟಲಿಯ ಮದ್ಯ ಘಟ್ಟ ಹತ್ತಿ ಬಂದ ನಾಡಿನಿಂದ ಮದ್ಯ ಘಟ್ಟ ಇಳಿದು ಹೋಯಿತು! 1988ರಲ್ಲಿ ಗ್ರೋವರರ ಕಂಪನಿ, 1997ರಲ್ಲಿ ಪುಣೆಯ ಮಾಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನ ಕೇಂದ್ರ, 2001ರಲ್ಲಿ ಮಹಾರಾಷ್ಟ್ರದ ದ್ರಾಕ್ಷಿ ಸಂಸ್ಕರಣ ನೀತಿ, 2007ರಲ್ಲಿ ಕರ್ನಾಟಕದ್ದು. ರೈತರು ಉತ್ಸಾಹದಿಂದ ವೈನಿನ ತಳಿ ಹಚ್ಚಿದರು. 2008ರ ಆರ್ಥಿಕ ಹಿಂಜರಿತದ ನಂತರ ಬೇಡಿಕೆ ಕುಸಿಯಿತು. 2010ರ ಸುಮಾರಿಗೆ ನಾರಾಯಣಗಾಂವದ ಕಂಪನಿಯೂ ಸಾಲದಲ್ಲಿ ಮುಳುಗಿತು. ನಾಸಿಕದ ಕಡೆ ರೈತರು ಬಳ್ಳಿಗಳನ್ನು ಬುಡಸಹಿತ ಕಿತ್ತರು.

ಏಕೆ ಕೀಳಬೇಕು, ಹಣ್ಣನ್ನು ಸಂತೆಗೆ ಒಯ್ದು ಮಾರಬಾರದೇ ಎಂದು ನಾನೂ ಅಂದುಕೊಂಡಿದ್ದೆ. ಉತ್ತರ ಸಿಕ್ಕದ್ದು ಮರಳುವಾಗ, ದಾರಿಯಲ್ಲಿ ಕುಡಿಯಲು ನೀರು ಕೊಟ್ಟ ಮುದುಕರೊಬ್ಬರಿಂದ. ಅವರೂ ಎರಡು ಎಕರೆಗೆ ವೈನಿನ ದ್ರಾಕ್ಷಿ ಹಚ್ಚಿದ್ದವರು. ಸಣ್ಣ ಕಾಳು, ದಪ್ಪ ಸಿಪ್ಪೆ, ಒಳಗೆ ಬೀಜ. ತಿನ್ನಲು ಯಾರೂ ಕೊಳ್ಳರು, ಒಣದ್ರಾಕ್ಷಿಯೂ ಆಗದು. ಕೊಳ್ಳುವವನು ಕಾರಖಾನೆಯವನೊಬ್ಬನೇ. ಅವನು ಒಲ್ಲೆನೆಂದ ವರ್ಷ ತೊಪ್ಪಲೆಲ್ಲ ಆಡುಗಳಿಗೆ ಹಾಕಿ, ಕಂಬ ಕಿತ್ತು, ಕಬ್ಬು ನೆಟ್ಟರಂತೆ. ಕಂಬ-ತಂತಿಯ ಸಾಲ ಮಾತ್ರ ಇನ್ನೂ ನಾಲ್ಕು ವರ್ಷ ತೀರಿಸಿದರಂತೆ.

ಅವರ ಕೊರಳಲ್ಲಿ ತುಳಸಿಮಾಲೆಯಿತ್ತು. ಪ್ರತಿವರ್ಷ ವಾರಿಗೆ ನಡೆಯುವ ಮಾಳಕರಿ. ಆದ್ದರಿಂದ ಆ ಹಣ್ಣಿನ ರಸವನ್ನು ಅವರೆಂದೂ ಬಾಯಿಗೆ ಹಾಕಿದವರಲ್ಲ. ನಾವು ಎಲ್ಲಿಂದ ಬಂದೆವೆಂದು ತಿಳಿದು, ಸಂಕೋಚದಿಂದಲೇ, ಅದರ ರುಚಿ ಹೇಗಿರುತ್ತದೆಂದು ಕೇಳಿದರು.

“ಆಂಬಟ” ಎಂದಳು ನನ್ನಾಕೆ. ಹುಳಿ ಎಂದರ್ಥ.

ಅವರು ತಲೆದೂಗಿ, ಇನ್ನೊಂದು ತಂಬಿಗೆ ನೀರು ತರಲು ಒಳಗೆ ಹೋದರು.