ರ‍್ಯಾಂಬಸ್ ಮೆಮೊರಿ: ಬಿಡುಗಡೆಯ ವಿಳಂಬ ಮತ್ತು ಹೂಡಿಕೆದಾರರ ಆತಂಕ

ಪ್ರೊಸೆಸರಿನ ವೇಗಕ್ಕೆ ಮೆಮೊರಿಯನ್ನೂ ಸರಿಗಟ್ಟಿಸಲೆಂದು ಅಮೆರಿಕದ ರ‍್ಯಾಂಬಸ್ ಕಂಪನಿ ರೂಪಿಸಿದ ತಂತ್ರಜ್ಞಾನವೇ ರ‍್ಯಾಂಬಸ್ ಮೆಮೊರಿ. ಮೈಕ್ ಫಾರ್ಮ್‌ವಾಲ್ಡ್ ಮತ್ತು ಮಾರ್ಕ್ ಹೊರೊವಿಟ್ಜ್ 1990ರಲ್ಲಿ ಕಟ್ಟಿದ ಈ ಕಂಪನಿ ಆಗ ಚಿಪ್ ತಯಾರಿಸುತ್ತಿರಲಿಲ್ಲ. ವಿನ್ಯಾಸಕ್ಕೆ ಪರವಾನಗಿ ಕೊಟ್ಟು ರಾಯಧನ ಪಡೆಯುತ್ತಿತ್ತು. 1996ರಲ್ಲಿ ಇಂಟೆಲ್ ತನ್ನ ಮುಂದಿನ ಪಿಸಿಗಳಿಗೆ ಇದನ್ನೇ ಆರಿಸಿಕೊಂಡಿತು. ಮರುವರ್ಷ ರ‍್ಯಾಂಬಸ್ ಷೇರು ಪೇಟೆಗೆ ಬಂದಾಗ ಹಣ ಹಾಕಿದವರು ನೆಚ್ಚಿಕೊಂಡದ್ದು ಇಂಟೆಲ್‌ನ ವೇಳಾಪಟ್ಟಿಯನ್ನು.

ಇಂಟೆಲ್ ಆರಿಸಿಕೊಂಡ ಆವೃತ್ತಿಯಾದ ಡೈರೆಕ್ಟ್ ರ‍್ಯಾಂಬಸ್‌ನಲ್ಲಿ ದತ್ತಾಂಶದ ದಾರಿ 16 ಬಿಟ್‌ನಷ್ಟೇ ಅಗಲ. ಆದರೂ ಸೆಕೆಂಡಿಗೆ 1.6 ಗಿಗಾಬೈಟ್ ಸಾಗುತ್ತಿತ್ತು. ಆಗ ಬಳಕೆಯಲ್ಲಿದ್ದ ಪಿಸಿ100 ಮೆಮೊರಿಯ ಎರಡರಷ್ಟು. ಸಂಕೇತವು ಒಂದು ಮೆಮೊರಿ ಪಟ್ಟಿಯನ್ನು ಹಾದೇ ಮುಂದಿನದಕ್ಕೆ ಹೋಗಬೇಕು. ಸ್ಲಾಟ್ ಖಾಲಿ ಬಿಟ್ಟರೆ ದಾರಿ ತುಂಡಾಗುತ್ತಿದ್ದರಿಂದ ಅಲ್ಲಿ ಚಿಪ್ಪಿಲ್ಲದ ಬರಿಯ ಪಟ್ಟಿಯೊಂದನ್ನು ಸಿಕ್ಕಿಸಬೇಕಿತ್ತು. ಇಷ್ಟು ನಾಜೂಕಾದ ಏರ್ಪಾಡಿನಲ್ಲೇ ತೊಡಕು ಕಾಣಿಸಿಕೊಂಡಿತು.

ಈ ಮೆಮೊರಿಯನ್ನು ಪ್ರೊಸೆಸರಿಗೆ ಜೋಡಿಸುವ, ಕ್ಯಾಮಿನೊ ಎಂಬ ಸಂಕೇತನಾಮದ ಇಂಟೆಲ್ 820 ಚಿಪ್‌ಸೆಟ್, ಒಮ್ಮೆ ಮುಂದೆ ಹೋಗಿ, 1999ರ ಸೆಪ್ಟೆಂಬರ್ 27ರಂದು ಬಿಡುಗಡೆಯಾಗಬೇಕಿತ್ತು. ಮೂರು ಸ್ಲಾಟ್‌ಗಳ ಮದರ್‌ಬೋರ್ಡ್‌ಗಳಲ್ಲಿ ದತ್ತಾಂಶ ಕೆಡುವುದು ಕಂಡುಬಂದು, ಇನ್ನು ಕೆಲವೇ ದಿನಗಳಿರುವಾಗ ಇಂಟೆಲ್ ಅದನ್ನು ಮತ್ತೆ ಮುಂದೂಡಿತು. ತಯಾರಕರು ಬೋರ್ಡ್‌ಗಳನ್ನು ಅದಾಗಲೇ ಸಿದ್ಧಮಾಡಿಟ್ಟಿದ್ದರು. ರ‍್ಯಾಂಬಸ್ ಷೇರಿನ ಬೆಲೆ ಕುಸಿಯಿತು. ನವೆಂಬರಿನಲ್ಲಿ ಚಿಪ್‌ಸೆಟ್ ಹೊರಬಂದಾಗ ಎರಡು ಸ್ಲಾಟ್‌ಗಳಷ್ಟೇ ಉಳಿದಿದ್ದವು.

ಹೂಡಿಕೆದಾರರ ಈ ಕಳವಳವನ್ನು ಪೇಟೆಯ ಅವಸರವೆಂದು ತಳ್ಳಿಹಾಕುವಂತಿಲ್ಲ. ರಾಯಧನ ಎರಡು ತಿಂಗಳು ತಡವಾಗಿ ಬಂದರೆ ಕಂಪನಿ ಮುಳುಗುವುದಿಲ್ಲ. ಆದರೆ ಆ ಬಿಡುವಿನಲ್ಲಿ ತೈವಾನಿನ ವಯಾ ಕಂಪನಿ ಅಗ್ಗದ ಪಿಸಿ133 ಮೆಮೊರಿಗೆ ಒಗ್ಗುವ ಚಿಪ್‌ಸೆಟ್‌ಗಳೊಂದಿಗೆ ಇಂಟೆಲ್‌ನ ಗಿರಾಕಿಗಳನ್ನೇ ಸೆಳೆದುಕೊಂಡಿತು. ರ‍್ಯಾಂಬಸ್ ಮೆಮೊರಿಯ ಬೆಲೆಯೋ ಸಾಮಾನ್ಯ ಮೆಮೊರಿಗಿಂತ ಹಲವು ಪಟ್ಟು ಹೆಚ್ಚಿತ್ತು.

2000ದ ಆರಂಭದಲ್ಲಿ ಷೇರು ಮತ್ತೆ ಜಿಗಿಯಿತು. ಸೋನಿಯ ಪ್ಲೇಸ್ಟೇಷನ್ 2 ಇದೇ ಮೆಮೊರಿಯನ್ನು ಹೊತ್ತು ಬಂದಿತ್ತು. ಪಿಸಿಯಲ್ಲಿ ಮಾತ್ರ ಚೇತರಿಕೆ ಕಾಣಲಿಲ್ಲ. 820ಕ್ಕೆ ಹಳೆಯ ಮೆಮೊರಿಯನ್ನು ಜೋಡಿಸಿಕೊಡುತ್ತಿದ್ದ ಇನ್ನೊಂದು ಚಿಪ್ಪಿನಲ್ಲೂ ದೋಷ ಕಂಡು, ಮೇ ತಿಂಗಳಲ್ಲಿ ಇಂಟೆಲ್ ಬೋರ್ಡ್‌ಗಳನ್ನು ಹಿಂದಕ್ಕೆ ಕರೆಸಿತು. ಜೂನ್‌ನಲ್ಲಿ ಎದುರಾಳಿ ಡಿಡಿಆರ್ ಮೆಮೊರಿಯ ಮಾನಕ ಪ್ರಕಟವಾಯಿತು. ರ‍್ಯಾಂಬಸ್ ಮೇಲೆ ಕಟ್ಟಿದ ಪಣ ಫಲಿಸಲಿಲ್ಲವೆಂದು ಇಂಟೆಲ್ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಅದೇ ವರ್ಷ ಬಹಿರಂಗವಾಗಿ ಒಪ್ಪಿಕೊಂಡರು. 2001ರ ಇಂಟೆಲ್ 845 ಚಿಪ್‌ಸೆಟ್ ಪೆಂಟಿಯಂ 4ಕ್ಕೂ ಸಾಮಾನ್ಯ ಮೆಮೊರಿಯನ್ನು ತಂದಿತು.

ಮುಂದೆ ರ‍್ಯಾಂಬಸ್ ವರ್ಷಗಟ್ಟಲೆ ಪೇಟೆಂಟ್ ವ್ಯಾಜ್ಯಗಳಲ್ಲಿ ತೊಡಗಿತು. ಬೆಂಗಳೂರಿನಲ್ಲೂ ವಿನ್ಯಾಸ ಕೇಂದ್ರವಿರುವ ಈ ಕಂಪನಿ ಇಂದು ಡಿಡಿಆರ್5 ಮೆಮೊರಿ ಪಟ್ಟಿಗಳಿಗೆ ಬೇಕಾದ ಇಂಟರ್‌ಫೇಸ್ ಚಿಪ್‌ಗಳನ್ನು ಮಾರುತ್ತಿದೆ.