ಬರಬೇಕಾಗಿದ್ದ ಸಾವಿರಾರು ಜನ

ಉತ್ತರ ಕರ್ನಾಟಕದಲ್ಲಿ ಬಾಸೆಲ್ ಮಿಷನ್ನಿನ ಠಾಣೆಗಳ ಸಾಲು ಹೀಗೆ: ಧಾರವಾಡ 1837, ಹುಬ್ಬಳ್ಳಿ 1839, ಬೆಟಗೇರಿ 1841, ಗುಳೇದಗುಡ್ಡ 1851. ಆರಂಭದ ವರ್ಷಗಳಲ್ಲಿ ಇದೇ ಸಾಲಿನಲ್ಲಿ ಇನ್ನೊಂದು ಹೆಸರಿತ್ತು, ಮಾಲಸಮುದ್ರ. ಮುಂದೆ ಮುಖ್ಯ ಠಾಣೆಗಳ ನಡುವೆ ಅದು ಕಾಣುವುದಿಲ್ಲ. ಆ ಹೆಸರು ಯಾಕೆ ಬಂತು, ಯಾಕೆ ಹೋಯಿತು ಎಂದು ಬೆನ್ನು ಹತ್ತಿದಾಗ ಎದುರಾದದ್ದು ವಾಗ್ದಾನದ ಪ್ರಶ್ನೆ.

ಮಾಲಸಮುದ್ರ ಗದಗ-ಬೆಟಗೇರಿಗೆ ಹತ್ತಿರದ ಊರು. 1997ರವರೆಗೂ ಗದಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಹುಬ್ಬಳ್ಳಿಯಿಂದ ಆ ಕಡೆ ಹೊರಟವರಿಗೆ ಅಣ್ಣಿಗೇರಿಯ ಎರೆಹೊಲಗಳ ನಡುವಿನ ದಾರಿ. ಮಳೆ ಹನಿದರೆ ಚಕ್ಕಡಿಯ ಗಾಲಿಗೆ ಮಣ್ಣು ಮುದ್ದೆ ಮುದ್ದೆಯಾಗಿ ಮೆತ್ತಿ, ಎತ್ತುಗಳು ಹೆಜ್ಜೆ ಕೀಳಲಾರದೆ ನಿಲ್ಲುವ ನೆಲ. ಇಲ್ಲಿ ದುಡಿದ ಮಿಷನ್ನಿನ ಪಾದ್ರಿಗಳು ಬರೆದ ಪತ್ರಗಳು ಇಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ. ಬರಹ ಕುರೆಂಟ್ ಎಂಬ ಹಳೆಯ ಜರ್ಮನ್ ಮೋಡಿ. ಜರ್ಮನ್ ಬಲ್ಲವರೂ ಒಂದೊಂದೇ ಅಕ್ಷರ ಬಿಡಿಸಿಕೊಂಡು ಓದಬೇಕು.

ಕಥೆ ಇಷ್ಟು. 1840ರ ಆಸುಪಾಸಿನಲ್ಲಿ ಲಿಂಗಾಯತರೊಳಗಿನ ಕಾಲಜ್ಞಾನಿಗಳೆಂಬ ಪಂಗಡದವರು ಹುಬ್ಬಳ್ಳಿಯ ಪಾದ್ರಿಗಳನ್ನು ಕಂಡರು. ಪಡುವಣದಿಂದ ಹೊಸ ಗುರುಗಳು ಬರುವರೆಂದು ತಮ್ಮ ಹಿರಿಯರ ನುಡಿಯಿದೆ, ನಮ್ಮವರು ಸಾವಿರಗಟ್ಟಲೆ ನಿಮ್ಮ ಕಡೆ ಬರಲಿದ್ದಾರೆ ಎಂಬುದು ಅವರ ಮಾತು. ಪಾದ್ರಿಗಳು ಇದರಲ್ಲಿ ದೇವರ ಕೈ ಕಂಡರು. ಮಿಷನ್ನಿನ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ ಬಂದ. ದೀಕ್ಷಾಸ್ನಾನ ಪಡೆದವರು ಮನೆ, ಹೊಲ, ಬಂಧುಬಳಗ ಕಳೆದುಕೊಳ್ಳುವುದು ಖಂಡಿತ. ಅವರು ಒಟ್ಟಿಗೆ ನೆಲೆನಿಂತು ಉತ್ತು ಬಿತ್ತು ಬಾಳಲಿ ಎಂದು 1841ರಲ್ಲಿ ಮಾಲಸಮುದ್ರದ ವಸಾಹತು ಶುರುವಾಯಿತು. ನೆಲ ಸಿದ್ಧವಾಯಿತು, ಜನ ಬರಲಿಲ್ಲ.

ಯಾಕೆ? ಪಾದ್ರಿಗಳ ಕಾಗದಗಳಷ್ಟನ್ನೇ ಓದಿದರೆ ಕಾಲಜ್ಞಾನಿಗಳು ಮಾತಿಗೆ ತಪ್ಪಿದವರಂತೆ ತೋರುತ್ತಾರೆ. ಮುಂದಾಗುವುದನ್ನು ನುಡಿಯುವ ಕನ್ನಡದ ಕಾಲಜ್ಞಾನ ಸಾಹಿತ್ಯವನ್ನು ಪಕ್ಕಕ್ಕಿಟ್ಟುಕೊಂಡಾಗ ಚಿತ್ರ ಬದಲಾಗುತ್ತದೆ. ಕೊಡೇಕಲ್ ಬಸವಣ್ಣನ ಪರಂಪರೆಯೂ ಸೇರಿದಂತೆ ಆ ಸಾಹಿತ್ಯದ ತುಂಬ ಒಂದು ನಿರೀಕ್ಷೆ ಹರಿಯುತ್ತದೆ: ವೀರ ವಸಂತರಾಯನೆಂಬ ಅರಸ ಬರುತ್ತಾನೆ, ಶರಣರು ಮರಳುತ್ತಾರೆ, ಹಾಳಾದ ಕಲ್ಯಾಣ ಮತ್ತೆ ಕಟ್ಟಲ್ಪಡುತ್ತದೆ. ನನ್ನ ಓದಿಗೆ ಹೊಳೆಯುವುದಿಷ್ಟು: ಆ ಜನ ಕಾದದ್ದು ಕಲ್ಯಾಣಕ್ಕೆ, ಪಾದ್ರಿಗಳು ಕಾದದ್ದು ಕ್ರೈಸ್ತ ಸಭೆಗೆ. ಒಬ್ಬರ ನುಡಿಯನ್ನು ಇನ್ನೊಬ್ಬರು ತಮ್ಮ ಲೆಕ್ಕಕ್ಕೆ ಬರೆದುಕೊಂಡರು.

ಹಾಗಾದರೆ ದೇವರು ಮಾತು ತಪ್ಪಿದನೇ? ಭಕ್ತನಾಗಿ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ದಾಖಲೆ ಓದುವವನಿಗೆ ಬೈಬಲಿನಲ್ಲೇ ಒಂದು ದಾಖಲೆಯಿದೆ. ಕಾನಾನ್ ದೇಶವೆಲ್ಲ ನಿನ್ನ ಸಂತತಿಗೆ ಎಂಬ ವಾಗ್ದಾನ ಪಡೆದ ಅಬ್ರಹಾಮ 75ನೇ ವಯಸ್ಸಿಗೆ ಮನೆ ಬಿಟ್ಟ. ಇಸಾಕ ಹುಟ್ಟಿದಾಗ ಅವನಿಗೆ 100. ಹೆಂಡತಿ ಸಾರಳು ತೀರಿದಾಗ ಹೂಳಲು ಅವನಿಗೆ ಆ ದೇಶದಲ್ಲಿ ಆರಡಿ ಜಾಗವಿರಲಿಲ್ಲ. ಹಿತ್ತಿಯನಾದ ಎಫ್ರೋನನಿಗೆ 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಮಕ್ಪೇಲದ ಹೊಲವನ್ನೂ ಗವಿಯನ್ನೂ ಕೊಂಡ. ಆದಿಕಾಂಡದ 23ನೇ ಅಧ್ಯಾಯ ಹೆಚ್ಚುಕಡಿಮೆ ಒಂದು ಖರೀದಿ ಪತ್ರ: ಬೆಲೆ, ಗಡಿ, ಗಿಡಮರ, ಊರಬಾಗಿಲಲ್ಲಿ ಕೂತ ಸಾಕ್ಷಿಗಳು, ಎಲ್ಲವೂ ಇವೆ. ಇಡೀ ನಾಡಿನ ವಾಗ್ದಾನ ಹೊತ್ತವನು ಹಣ ಕೊಟ್ಟು ಸಮಾಧಿ ಕೊಳ್ಳುತ್ತಾನೆ. ಆದರೂ ವಾಗ್ದಾನ ಸುಳ್ಳೆಂದು ಅವನು ಬರೆಸಲಿಲ್ಲ.

ಇತ್ತ ಮಾಲಸಮುದ್ರದಿಂದ ಮೋಗ್ಲಿಂಗ್ ಮಂಗಳೂರಿಗೆ ಮರಳಿದ. 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ ಹೊರತಂದ. ಅದು ಕನ್ನಡದ ಮೊದಲ ಪತ್ರಿಕೆ. ಮುಂದೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ಮೂಡಿದ ಕೃತಿಗಳಲ್ಲಿ ಬಸವಪುರಾಣವೂ ಇತ್ತು, ದಾಸರ ಪದಗಳೂ ಇದ್ದವು. ಲಿಂಗಾಯತರು ಸಾವಿರಗಟ್ಟಲೆ ಬರುವರೆಂದು ಕಾದವನ ಕೈಯಿಂದಲೇ ಅವರ ಪುರಾಣ ಅಚ್ಚಾಗಿ ಹೊರಬಂತು. ಮಾಲಸಮುದ್ರದಲ್ಲಿ ನಿಲ್ಲದ ವಸಾಹತಿನ ಕನಸು 1850ರ ದಶಕದಲ್ಲಿ ಕೊಡಗಿನ ಆನಂದಪುರದಲ್ಲಿ ನಿಂತಿತು. ಅಲ್ಲಿಗೆ ಬಂದವರು ಯಾರ ಭವಿಷ್ಯವಾಣಿಯಲ್ಲೂ ಎಣಿಕೆಗೆ ಸಿಗದಿದ್ದ ಹೊಲೆಯರು, ಜೀತದ ಆಳುಗಳು.

ಇವೆಲ್ಲ ಮಾಲಸಮುದ್ರದ ಸೋಲಿಗೆ ಪರಿಹಾರ ಎನ್ನಲು ನನಗೆ ಧೈರ್ಯವಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಸಾವಿರದ ಲೆಕ್ಕ ಮನುಷ್ಯರದು, ಬರುವ ಗಡುವೂ ಮನುಷ್ಯರದು. ಜೊತೆಗಿರುತ್ತೇನೆ ಎಂಬುದೊಂದೇ ದೇವರು ಅವರಿಗೆ ಕೊಟ್ಟಿದ್ದ ಮಾತು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಸಭೆಗಳು ಇಂದಿಗೂ ನಡೆಯುತ್ತಿವೆ. ಸಣ್ಣವು, ಆದರೆ ಕಡಿದುಹೋಗದವು. ದೇವರ ನಂಬಿಗಸ್ತಿಕೆಯನ್ನು ತೂಗುವ ಮೊದಲು, ಅವನ ಹೆಸರಿನಲ್ಲಿ ನಾವೇ ಬರೆದುಕೊಂಡ ಬಾಕಿಯನ್ನು ಹೊಡೆದುಹಾಕಬೇಕು.