ಮುತ್ತಮ್ಮನವರ ಮುಚ್ಚಳಿಕೆ

ರಾಯಭಾರಿ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಔತಣಕೂಟ, ಹಸ್ತಲಾಘವ. ಆದರೆ ಅವರ ದಿನದ ಹೆಚ್ಚು ಪಾಲು ಕಾಗದಪತ್ರಗಳಲ್ಲೇ ಕಳೆಯುತ್ತದೆ. ಅಲ್ಲಿನ ಪತ್ರಿಕೆ ಓದಬೇಕು, ಮಂತ್ರಿಗಳ ಮಾತಿನ ಒಳಮರ್ಮ ತಿಳಿಯಬೇಕು, ದೆಹಲಿಗೆ ವರದಿ ಬರೆಯಬೇಕು, ಪಾಸ್‌ಪೋರ್ಟ್ ಕಳೆದುಕೊಂಡವನ ಗೋಳನ್ನೂ ಕೇಳಬೇಕು. ಇದರಲ್ಲಿ ಹೆಂಗಸಿನ ಕೈಲಾಗದ್ದು ಯಾವುದು?

ಆದರೂ ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರು 1949ರಲ್ಲಿ ವಿದೇಶಾಂಗ ಸೇವೆಗೆ ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುವೆನೆಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು. ಆ ಸೇವೆಗೆ ಸೇರಿದ ಮೊದಲ ಮಹಿಳೆ ಅವರೇ. ಗಂಡಸರಿಗೆ ಇಂಥ ಮುಚ್ಚಳಿಕೆ ಇರಲಿಲ್ಲ. ಅವರ ಸಂಸಾರವನ್ನು ಯಾರೋ ನೋಡಿಕೊಳ್ಳುತ್ತಾರಲ್ಲ!

ಸರ್ಕಾರಿ ನೌಕರಿಯಲ್ಲಿ ಲಿಂಗಭೇದ ಕೂಡದೆಂದು ಸಂವಿಧಾನದ 16ನೇ ವಿಧಿ ಹೇಳುತ್ತದೆ. ಮಕ್ಕಳಿಗೆ ನಾನು ಎಷ್ಟೋ ವರ್ಷ ಇದನ್ನು ಪಾಠ ಮಾಡಿದ್ದೇನೆ. ಆ ಸಂವಿಧಾನ ಬಂದು ಹನ್ನೊಂದು ವರ್ಷಗಳಾದ ಮೇಲೂ, 1961ರ ನಿಯಮಗಳಲ್ಲಿ ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕೆಂದಿತ್ತು. ಸಂಸಾರ ಕೆಲಸಕ್ಕೆ ಅಡ್ಡಿಯೆನಿಸಿದರೆ ಆಕೆಯಿಂದ ರಾಜೀನಾಮೆಯನ್ನೂ ಕೇಳಬಹುದಿತ್ತು.

1970ರಲ್ಲಿ ಹಂಗೇರಿಗೆ ರಾಯಭಾರಿಯಾದ ಮುತ್ತಮ್ಮನವರು, ಮುಂದೆ ಬಡ್ತಿ ತಪ್ಪಿದಾಗ ಸುಪ್ರೀಂ ಕೋರ್ಟಿಗೆ ಹೋದರು. ಮೊಕದ್ದಮೆ ನಡೆಯುತ್ತಿದ್ದಂತೆಯೇ ಬಡ್ತಿ ಬಂತು! ಹಾಗಾಗಿ 1979ರಲ್ಲಿ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಸುಮ್ಮನಾಗಲಿಲ್ಲ. ಸಂಸಾರದ ಹೊರೆ ಗಂಡಸಿಗೂ ಅಡ್ಡಿಯಾಗಬಹುದಲ್ಲವೇ ಎಂದು ಕೇಳಿ, ಎಲ್ಲ ಸೇವಾನಿಯಮಗಳನ್ನೂ ಪರಿಶೀಲಿಸುವಂತೆ ಸರ್ಕಾರಕ್ಕೆ ಹೇಳಿದರು. ಮದುವೆಯ ಆ ಕಟ್ಟಳೆಗಳನ್ನು ಸರ್ಕಾರ ಕೈಬಿಟ್ಟಿತು.

ಅಷ್ಟು ಹೊತ್ತಿಗೆ ಮುತ್ತಮ್ಮನವರಿಗೆ ಐವತ್ತೈದು. ಅವರು ಮದುವೆಯಾಗಲೇ ಇಲ್ಲ. ಹೇಗ್ ನಗರದಲ್ಲಿ ರಾಯಭಾರಿಯಾಗಿದ್ದು, 1982ರಲ್ಲಿ ನಿವೃತ್ತರಾದರು.